ಪಾಲಕ್ ಎಲೆಯ ಹೃದಯ

ಮಗಳು ಯಕ್ಷಿತಾಳಿಗೆ, ಗ್ರಾಂಟ್ ರೋಡ್ ಹೋಟೆಲಿನ ಕೌಂಟರಿನಿಂದ ಅಪ್ಪನ ಆಶೀರ್ವಾದ.

ಪಾರ್ಲೆಯ ಕಾಲೇಜಿನ ಲ್ಯಾಬಿನಲ್ಲಿದ್ದಾಗ ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಈ ಕಾಗದವನ್ನು ಪಾಲಕ್ ಕಟ್ಟಿನೊಳಗೆ ಇಟ್ಟಿದ್ದೇನೆ. ಸೊಪ್ಪು ನಾನೇ ಆರಿಸಿದ್ದು, ಒಂದೆಲೆಗೂ ತೂತಿಲ್ಲ. ನೀನು ಅದರ ಹಸಿರೆಲ್ಲ ತೊಳೆದು ಬರೀ ನರ ಉಳಿಸಿಕೊಳ್ಳುತ್ತೀ ಎಂದು ಅಡುಗೆಯ ಕೊರಗಪ್ಪನಿಗೆ ಹೇಳಿದೆ. "ಹಾಗಾದ್ರೆ ಒಳ್ಳೇ ಸೊಪ್ಪು ಯಾಕೆ ಧಣಿಗಳೇ? ಹಳದಿಯಾದದ್ದು ಕಳಿಸಿದ್ರೆ ತೊಳಿಯೋ ಕೆಲಸ ಆದ್ರೂ ಕಮ್ಮಿ ಆಗ್ತದಲ್ಲ" ಎಂದ. ಆ ನರಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಣ ಹಚ್ಚಿ, ಮೇಲೆ ಹೃದಯದ ಜೀವಕೋಶ ಬೆಳೆಸಿದರೆ ಎಲೆಯೇ ಮಿಡಿಯುತ್ತದೆ ಎಂದೆ. ಅವತ್ತಿನಿಂದ ಅವನು ಪಾಲಕ್ ಹೆಚ್ಚುವ ಮೊದಲು ಕೈಮುಗಿಯುತ್ತಾನೆ. ಪಾಲಕ್ ಪನೀರ್ ಆರ್ಡರೆಲ್ಲ ತಡವಾಗುತ್ತಿದೆ.

ಇನ್ನೊಂದು ಸಣ್ಣ ವಿಷಯ. ಎದೆ ಸ್ವಲ್ಪ ಹಿಡಿದಂತಾಗಿ ಡಾಕ್ಟರರ ಹತ್ತಿರ ಹೋಗಿದ್ದೆ. ಬೈಪಾಸ್ ಆಗಬೇಕು ಎಂದರು. "ನನ್ನ ಮಗಳು ಪಾಲಕಿನಲ್ಲಿ ಹೃದಯ ಮಾಡ್ತಾ ಇದ್ದಾಳೆ ಸರ್, ಸ್ವಲ್ಪ ತಡೀರಿ" ಎಂದೆ. ಯಾವಾಗ ರೆಡಿ ಎಂದು ಕೇಳಿದರು. ನೀನು ಹೇಳಿದ್ದ ಹದಿನೈದು ವರ್ಷವನ್ನೇ ಹೇಳಿದೆ. "ನಿಮಗೆ ಸೋಮವಾರದವರೆಗೆ ಟೈಮ್ ಇದೆ" ಎಂದರು. ತಾಳ್ಮೆಯೇ ಇಲ್ಲದ ಮನುಷ್ಯ.

ಅಮ್ಮನಿಗೆ ಗ್ಯಾಸ್ ಎಂದಷ್ಟೇ ಹೇಳಿದ್ದೇನೆ. ಉಳಿದದ್ದನ್ನು ನೀನೇ ಹೇಳು, ನನಗೆ ಬೈಪಾಸಿಗಿಂತ ಅವಳದ್ದೇ ಹೆದರಿಕೆ. ಭಾನುವಾರ ಸಂಜೆ ಅಡ್ಮಿಟ್ ಆಗಬೇಕು. ಅಷ್ಟರಲ್ಲಿ ಎಲೆ ಮಿಡಿದರೆ ತೆಗೆದುಕೊಂಡು ಬಾ. ಮಿಡಿಯದಿದ್ದರೆ ಪರವಾಗಿಲ್ಲ, ಬರಿಗೈಯಲ್ಲೇ ಬಾ.

ಸೊಪ್ಪು ಕಳಿಸುವ
ನಿನ್ನ ಅಪ್ಪ