ಕುಬುಸದ ವಿಡಿಯೋ

ರಾಯದುರ್ಗ
೯-೧೨-೨೦೨೫, ಮಂಗಳವಾರ

ನನ್ನ ಬಂಗಾರದಂಥ ಹೇಮಾಗೆ, ನಿನ್ನ ಅವ್ವ ಹಂಪಕ್ಕ ಬರೆಯುವುದು.

ನಿನ್ನೆ ಮಧ್ಯಾಹ್ನ ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟವಳಿಗೆ ಹಾಗೆಯೇ ಜೊಂಪು ಹತ್ತಿ ಕೆಟ್ಟ ಕನಸು ಬಿತ್ತು. ನಮ್ಮ ಓಣಿ ತುಂಬ ಗುರುತಿಲ್ಲದ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ತಟ್ಟೆ. "ತೊಟ್ಟಿಲು ಎಲ್ಲಿ ಕಟ್ಟೀರಿ ಹಂಪಕ್ಕಾ?" ಎಂದು ಕೇಳುತ್ತ ಒಳಗೆ ಬರುತ್ತಲೇ ಇದ್ದಾರೆ. ನಾನು ಚಾಪೆ ಹಾಸುತ್ತಲೇ ಇದ್ದೇನೆ, ಚಾಪೆ ಸಾಲುತ್ತಿಲ್ಲ. ಎಚ್ಚರವಾದಾಗ ಕೆನ್ನೆಯ ಮೇಲೆ ಜೀನ್ಸ್ ಬಟ್ಟೆಯ ಗೆರೆ ಮೂಡಿತ್ತು. ಆಗಿನಿಂದ ನಿನ್ನದೇ ಧ್ಯಾನ. ನೀನು ಹೇಗಿದ್ದೀ ಮಗಳೇ? ಮಗು ಕೈಗೆ ಬಾರದಿದ್ದರೇನು, ಹೆತ್ತ ಮೈ ಹಸಿ ಮೈಯೇ. ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಹಾಲು ಕಟ್ಟಿ ಎದೆ ನೋಯುತ್ತಿತ್ತಲ್ಲ, ಕಡಿಮೆಯಾಯಿತೋ? ರೇಷ್ಮೆ ಹುಳಕ್ಕೆ ಸೊಪ್ಪಿನ ಹೊರೆ ಎತ್ತಬೇಡ. ನಿಮ್ಮ ಅತ್ತೆ ಎತ್ತು ಎನ್ನುವವರಲ್ಲ, ನನಗೆ ಗೊತ್ತು. ಸುಮ್ಮನೆ ಕೂಡಲಾರದೆ ನೀನೇ ಹೋಗಿ ಎತ್ತುವವಳು. ಅಳಿಯಂದಿರು ಗೋವರ್ಧನ್ ಅವರು ಸರಿಯಾಗಿ ಊಟ ಮಾಡುತ್ತಾರೋ? ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು. ನೀನು ಫೋನ್ ಆರಿಸಿ ಇಟ್ಟು ಎರಡು ತಿಂಗಳಾಯಿತು. ಅದಕ್ಕೇ ಆರನೇ ಕ್ಲಾಸಿಗೆ ಬಿಟ್ಟ ಅಕ್ಷರಗಳನ್ನು ಹುಡುಕಿ ತಂದು ಜೋಡಿಸುತ್ತಿದ್ದೇನೆ. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ನಾನು ಮಾಡಿದ್ದನ್ನು ನೀನು ಬೇರೆಯವರ ಬಾಯಿಂದ ಕೇಳಿದ್ದೀ. ನನ್ನ ಬಾಯಿಂದಲೂ ಒಮ್ಮೆ ಕೇಳು. ಮೂರು ವರ್ಷದ ಹಿಂದೆ ನಾನು ಜೀನ್ಸ್ ಕಾರ್ಖಾನೆಯಲ್ಲಿ ಮಿಕ್ಕ ತುಂಡು ಬಟ್ಟೆ ತಂದು ಚೀಲ ಹೊಲಿದು ಸಂತೆಗೆ ಒಯ್ಯುತ್ತಿದ್ದೆ, ಒಯ್ದಷ್ಟನ್ನೇ ಹೊತ್ತುಕೊಂಡು ಬರುತ್ತಿದ್ದೆ. ನೀನೇ ಅಲ್ಲವೇ ಫೋನಿನಲ್ಲಿ 'ಹಂಪಕ್ಕನ ಚೀಲ' ಎಂದು ಅಂಗಡಿ ತೆರೆದದ್ದು? "ಫೋನಿನಾಗ ಚೀಲ ಮುಟ್ಟಿ ನೋಡಾಕ ಬರ್ತದೇನೇ ಹುಚ್ಚೀ?" ಎಂದು ನಾನು ನಕ್ಕೆ. "ಅವರಿಗೆ ಮುಟ್ಟಾಕ ಬರಲ್ಲವ್ವಾ, ಅದಕ್ಕ ನಾ ಮುಟ್ಟಿ ಹೇಳ್ತೀನಿ" ಎಂದೆ ನೀನು. ಮೊದಮೊದಲು ಹನ್ನೊಂದು ಜನ ನೋಡುತ್ತಿದ್ದರು, ಅದರಲ್ಲಿ ನಾಲ್ವರು ನಮ್ಮ ನೆಂಟರೇ. "ನಮ್ಮ ಓಣಿ ನಾಯಿ ಸೈತ ನೋಡವಲ್ದು ಅಕ್ಕಾ" ಎಂದು ನಿನ್ನ ತಮ್ಮ ಕಿರಣ ಆಡಿಕೊಂಡ. ನೀನು ಒಂದು ಶುಕ್ರವಾರದ ಲೈವನ್ನೂ ತಪ್ಪಿಸಲಿಲ್ಲ. ತೆಲುಗಿನಲ್ಲಿ ಕೇಳಿದವರಿಗೆ ತೆಲುಗಿನಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಚೀಲವನ್ನು ಹೊಗಳುವ ಮೊದಲು ಅದರ ಊನ ತೋರಿಸುವುದು ನಿನ್ನ ರೀತಿ. "ಇಲ್ಲಿ ನಮ್ಮವ್ವನ ಹೊಲಿಗಿ ಒಂದೀಟು ಸೊಟ್ಟ ಐತ್ರಿ, ನೋಡಿಕೊಂಡು ತಗೊಳ್ರಿ" ಎನ್ನುತ್ತಿದ್ದೆ. ನನಗೆ ಅವಮಾನವಾಗಿ ಜಗಳ ತೆಗೆದೆ. ಆದರೆ ಜನ ನಿನ್ನನ್ನು ನಂಬಿದ್ದು ಅದಕ್ಕೇ. ನಲವತ್ತು ಸಾವಿರ ಜನ ಕೂಡಿದರು. ಅವರ ಮಕ್ಕಳ ಪರೀಕ್ಷೆ, ಅತ್ತೆಯ ಮಂಡಿನೋವು ಎಲ್ಲ ನಿನಗೆ ಬರೆಯುತ್ತಿದ್ದರು. ಇವರೂ ನೆಂಟರೇ ಎಂದುಕೊಂಡೆವು. ಅದಕ್ಕೇ ಶ್ರಾವಣದಲ್ಲಿ ನಿನ್ನ ಬಸಿರಿಗೆ ಕುಬುಸ ಮಾಡಿದಾಗ ಆ ವಿಡಿಯೋವನ್ನೂ ಹಾಕಿದ್ದು. ಹಸಿರು ಸೀರೆ, ಹಸಿರು ಬಳೆ, ಸುತ್ತ ಹಾಡುವ ಹೆಂಗಸರು. ನಮ್ಮ ಯಾವ ಚೀಲವನ್ನೂ ಅಷ್ಟು ಜನ ನೋಡಿರಲಿಲ್ಲ.

ಅಷ್ಟು ಕಣ್ಣಿಗೆ ನಿನ್ನನ್ನು ತೋರಿಸಬಾರದಿತ್ತು ಎಂದು ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಒಂದು ಹಿಡಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೆ, ಅದು ನಮ್ಮ ಓಣಿಯ ಕಣ್ಣಿಗೆ ಸಾಲುವಷ್ಟು ಮಾತ್ರ. ಡಾಕ್ಟರಮ್ಮ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು, ಯಾರ ತಪ್ಪೂ ಅಲ್ಲ ಎಂದರು. ಓದಿದವರು, ಅವರ ಮಾತು ನಿಜವಿರಬೇಕು. ನನ್ನ ತಲೆ ಒಪ್ಪಿದರೂ ಎದೆ ಒಪ್ಪುವುದಿಲ್ಲ. ಗಣೇಶನ ಹಬ್ಬ ಮುಗಿದ ವಾರ ಬರಿಗೈಯಲ್ಲಿ ಮನೆಗೆ ಬಂದೆವು, ಹದಿನೈದು ದಿನಕ್ಕೆ ನೀನು ಗಂಡನ ಮನೆ ಮಡಕಶಿರಕ್ಕೆ ಹೋದೆ.

ದಸರೆಗೆ ಚೀಲ ಕೇಳುವವರು ಜಾಸ್ತಿ, ನೀನಿಲ್ಲ. ಕಿರಣ ಫೋನು ಹಿಡಿದ, ನಾನೇ ಕೂತೆ. ಕೂತ ತಕ್ಷಣ ಎಲ್ಲರದೂ ಒಂದೇ ಪ್ರಶ್ನೆ, ಹೇಮಕ್ಕ ಎಲ್ಲಿ, ಹೇಮಕ್ಕ ಎಲ್ಲಿ. ಹಬ್ಬದ ದಿನ, ಅಷ್ಟು ಜನ ನೋಡುವಾಗ ಆ ಮಾತನ್ನು ಹೇಗೆ ಆಡಲಿ? "ಬಾಣಂತಿ ಅದಾಳ್ರಿ" ಎಂದೆ. ಗಂಡೋ ಹೆಣ್ಣೋ ಎಂದು ಬರೆದರು. "ಗಂಡು" ಎಂದೆ. ಹೆಸರೇನಿಟ್ಟಿರಿ ಎಂದರು. "ಇನ್ನ ತೊಟ್ಟಿಲಿಗೆ ಹಾಕಿಲ್ರಿ" ಎಂದೆ. ಬಿಡಿಸಿ ನೋಡಿದರೆ ಒಂದೂ ಸುಳ್ಳಲ್ಲ ಮಗಳೇ, ಕೂಡಿಸಿದರೆ ಅಷ್ಟೂ ಸುಳ್ಳು. ಸಾಕು ಎಂದು ಕಿರಣ ಫೋನಿನ ಹಿಂದಿನಿಂದ ಸನ್ನೆ ಮಾಡಿದ. ಆದರೂ ನಾನು ನಿಲ್ಲಿಸಲಿಲ್ಲ, ಮುಂದಿನ ಚೀಲ ಎತ್ತಿ ತೋರಿಸಿದೆ. ವಾರದೊಳಗೆ ಪಾರ್ಸೆಲ್ ಬರತೊಡಗಿದವು. ಗದಗಿನ ಒಬ್ಬ ಟೀಚರಮ್ಮ ಉಣ್ಣೆಯ ಟೋಪಿ ಹೆಣೆದು ಕಳಿಸಿದರು. ಇಷ್ಟು ಸಣ್ಣದು, ನನ್ನ ಮುಷ್ಟಿಗೆ ಸರಿಯಾಗುತ್ತದೆ.

ಆಮೇಲೆ ನಿಮ್ಮ ಅತ್ತೆ ಓಬಳಮ್ಮನವರ ಫೋನು ಬಂತು. ನಿಮ್ಮ ಪಕ್ಕದ ಮನೆಯ ಜುಂಜಮ್ಮ ಅದನ್ನು ನೋಡಿ, ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತ ನಿನ್ನ ಎದುರಿಗೇ ನಿಮ್ಮ ಅತ್ತೆಗೆ, "ನಿಮ್ ಸೊಸೆ ಅವ್ರೂರ್ನಾಗೆ ಗಂಡು ಹಡೆದವ್ಳಂತೆ, ನಮ್ಗೆ ಮಾತ್ರ ಹೋಯ್ತು ಅಂತೀರಲ್ಲ, ಯಾವ್ದಮ್ಮ ನಿಜ?" ಎಂದಳಂತೆ. ನಿಮ್ಮ ಅತ್ತೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಏನ್ ಬೀಗಿತಿ, ಚೀಲ ಮಾರಾಕೆ ಮಣ್ಣಾಗಿರೋ ಮಗೀನ್ನ ಎಬ್ಬಿಸ್ಕೊಂಡು ಬಂದ್ಬಿಟ್ರಲ್ಲ. ನಮ್ ಹುಡ್ಗಿ ಬಾಯಿಗೆ ತುತ್ತು ಇಡ್ತಿಲ್ಲ" ಎಂದು ಇಟ್ಟರು. ಅವತ್ತಿನಿಂದ ನಿನ್ನ ಫೋನೂ ಸತ್ತಿತು.

ಹೋದ ಶುಕ್ರವಾರ ಮತ್ತೆ ಕೂತೆ. "ಬ್ಯಾಡವ್ವಾ, ಜನ ಬಿಟ್ಟು ಹೋಗ್ತಾರ. ಮೂರು ವರ್ಷ ಅಕ್ಕ ಕಟ್ಟಿದ್ದು" ಎಂದು ಕಿರಣ ಬಾಗಿಲಲ್ಲೇ ನಿಂತ. ನಾನು ಒಂದು ಚೀಲ ಕೈಯಲ್ಲಿ ಹಿಡಿದು, "ಇವತ್ತು ಚೀಲ ಸರಿ ಐತ್ರಿ, ಸೊಟ್ಟ ಆಗಿದ್ದು ನನ್ನ ಮಾತು" ಎಂದು ಶುರುಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನಡುವೆ ಕಣ್ಣೀರು ಬಂತು. ಅತ್ತದ್ದಕ್ಕೇ ನಾಟಕ ಎಂದರು ಕೆಲವರು. ಸಾವಿರಾರು ಜನ ಬಿಟ್ಟು ಹೋದರು, ಇನ್ನೂ ಹೋಗುತ್ತಿದ್ದಾರೆ. ಟೋಪಿ ಕಳಿಸಿದ ಟೀಚರಮ್ಮನಿಗೆ ಟೋಪಿ ವಾಪಸು ಕಳಿಸಲೇ ಎಂದು ಬರೆದು ಕೇಳಿದ್ದೇನೆ. ಒಬ್ಬಾಕೆ ಮಾತ್ರ, ತನಗೂ ಹೀಗೇ ಆಗಿತ್ತು, ಹನ್ನೆರಡು ವರ್ಷದಿಂದ ಯಾರ ಹತ್ತಿರವೂ ಆಡಿಲ್ಲ ಎಂದು ಬರೆದಳು. ಅವಳಿಗೆ ಏನು ಹೇಳಬೇಕೋ ತಿಳಿಯದೆ ಹಾಗೇ ಬಿಟ್ಟಿದ್ದೇನೆ. ನೀನಿದ್ದಿದ್ದರೆ ಅವಳಿಗೆ ತಕ್ಕ ಮಾತು ನೀನೇ ಹೇಳುತ್ತಿದ್ದೆ.

ಇಷ್ಟಾದರೂ ಕುಬುಸದ ವಿಡಿಯೋ ಅಲ್ಲೇ ಇದೆ. ಹೊಸಬರು ಅದನ್ನೇ ಮೊದಲು ನೋಡಿ ಪಾಪು ಹೇಗಿದೆ ಎಂದು ಕೇಳುತ್ತಾರೆ. ಕಿರಣನ ಫೋನಿನಿಂದ ಹೊಸದನ್ನು ಹಾಕಬಹುದಂತೆ, ನೀನು ಹಾಕಿದ್ದನ್ನು ತೆಗೆಯಲು ಬರುವುದಿಲ್ಲವಂತೆ. ಅದು ನಿನ್ನ ಫೋನಿನಿಂದಲೇ ಆಗಬೇಕು. ಒಂದು ಗಳಿಗೆ ಫೋನು ಹಚ್ಚಿ ತೆಗೆದುಬಿಡು. ಕೈ ಬಾರದಿದ್ದರೆ ನಿನ್ನ ನಾದಿನಿ ಸೌಮ್ಯಳ ಕೈಗೆ ಕೊಡು. ನನ್ನ ಜೊತೆ ಮಾತಾಡು ಎಂದು ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ.

ನಿಮ್ಮ ಅತ್ತೆಗೆ ನನ್ನ ಕೈಮುಗಿತ ತಿಳಿಸು, ಸೌಮ್ಯಳ ತಲೆ ಸವರು. ನೇಮಕಲ್ಲು ಆಂಜನೇಯನ ಅಂಗಾರ ಈ ಕಾಗದದೊಳಗೆ ಮಡಚಿ ಇಟ್ಟಿದ್ದೇನೆ, ಹಣೆಗೆ ಹಚ್ಚಿಕೋ. ನನ್ನ ಆಯುಷ್ಯವೂ ನಿನಗೇ ಇರಲಿ.

ನಿನ್ನ ಅವ್ವ,
ಹಂಪಕ್ಕ

ಮರೆತಿದ್ದೆ: ಕಿರಣ ಅಂಚೆಗೆ ಹೊರಟು ನಿಂತಿದ್ದಾನೆ. ತೆಗೆ ಎಂದೆನಲ್ಲ, ಆತುರಪಡಬೇಡ. ಆ ವಿಡಿಯೋದಲ್ಲಿ ನಾನು ಕೊನೆಯ ಬಳೆ ಇಡುವಾಗ ನೀನು ಥಟ್ಟನೆ ಕೈಯನ್ನು ಹೊಟ್ಟೆಯ ಮೇಲಿಟ್ಟು ನನ್ನ ಮುಖ ನೋಡಿ ನಗುತ್ತೀ. ನೋಡಿದವರಿಗೆ ನಾಚಿಕೆ ಎನಿಸುತ್ತದೆ. ಅವನು ಒಳಗಿಂದ ಒದ್ದದ್ದು ನಿನಗೂ ನನಗೂ ಮಾತ್ರ ಗೊತ್ತು. ಆಸ್ಪತ್ರೆಯಲ್ಲಿ ಅವನ ಮುಖ ನಿನಗೆ ತೋರಿಸಬೇಡಿ ಎಂದವಳು ನಾನೇ, ಅವನದೆಂದು ನಮ್ಮಲ್ಲಿ ಉಳಿದದ್ದು ಅದೊಂದೇ. ಅಳಿಸಿದರೆ ಮತ್ತೆ ಬರುವುದಿಲ್ಲ ಎನ್ನುತ್ತಾನೆ ಕಿರಣ. ಮೂಲ ವಿಡಿಯೋ ನಿನ್ನ ಫೋನಿನಲ್ಲೇ ತೆಗೆದದ್ದು. ಅದು ಅದರಲ್ಲಿ ಇದೆಯೋ ಇಲ್ಲವೋ, ಕೊನೆಯ ಬಳೆಯವರೆಗೂ ಇದೆಯೋ, ಇನ್ನೊಂದು ಸಲ ನೋಡಿಕೋ. ಆಮೇಲೆ ಅಳಿಸು.