ಬೋರಲು ಹಾಕಿದ ಕಲ್ಲು

ಅಕ್ಟೋಬರ್ ೨೮, ಬೆಳಿಗ್ಗೆ ೬

ನಲವತ್ತು ಜೊತೆ ಶೂಗಳ ಮೇಲ್ಚರ್ಮ ಹೊಲಿದು ಕೊಡಬೇಕು. ಇಪ್ಪತ್ತಾರು ಜೊತೆ ಮುಗಿದಿದೆ. ಬೆರಳಿಗೆಲ್ಲ ಗೋಂದು. ಕೆಳಗೆ ಅಮ್ಮ ಎದ್ದಿದ್ದಾಳೆ — ಬಟ್ಟೆಗಂಟು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಎಂಬತ್ನಾಲ್ಕು ವರ್ಷ. ಹೊರಡುವುದು ನಾಳಿದ್ದು ಅಂತ ಹತ್ತು ಸಲ ಹೇಳಾಯಿತು.

"ಒಂದ್ಸಲ ಅವ್ವನ ಹತ್ರ ಕರ್ಕೊಂಡ್ ಹೋಗೇ ಫುಸಾ. ಚಳಿ ಬಿದ್ಮೇಲೆ ನನ್ ಕೈಲಾಗಲ್ಲ" ಅಂದಳು ಹೋದ ವಾರ, ಮೂಲಂಗಿ ಹೆಚ್ಚುತ್ತ, ತಲೆ ಎತ್ತದೆ. ಹದಿನೆಂಟಕ್ಕೆ ಊರು ಬಿಟ್ಟವಳು. ನಾನು ಹುಟ್ಟಿದಾಗಿನಿಂದ ಆ ಬಾಯಲ್ಲಿ 'ಅವ್ವ' ಅನ್ನುವ ಮಾತು ಕೇಳಿದ್ದು ಅದೇ ಮೊದಲು. ಡಾಕ್ಟರೂ ಅದನ್ನೇ ಅಂದ — ಗುಂಡಿಗೆ ಸವೆದಿದೆ, ಹೋಗುವುದಿದ್ದರೆ ಈಗಲೇ.

ಅವಳಿಗೆ ಒಂದು ವಿಷಯ ಹೇಳಿಲ್ಲ. ಅವಳವ್ವನ ಗೋರಿಗೆ ಈಗ ಹೊಸ ಕಲ್ಲಿದೆ.

ನಮ್ಮದು ತೊಗಲು ಹದ ಮಾಡುವವರ ಕೇರಿ. ಸತ್ತವರಿಗೆ ಬೌದ್ಧ ಗುಡಿಯ ಗುರು ಹೊಸ ಹೆಸರು ಕೊಡುವುದು ಪದ್ಧತಿ. ನಮ್ಮವರಿಗೆ ಕೊಟ್ಟ ಹೆಸರಿನಲ್ಲಿ 'ಮೃಗ' ಅಂತ ಸೇರಿಸಿ ಗೋರಿಕಲ್ಲಿನ ಮೇಲೆ ಕೆತ್ತಿಸಿದರು. ಸತ್ತ ಮೇಲೂ ಗುರುತು ಸಿಗಬೇಕಲ್ಲ! ಹನ್ನೊಂದು ವರ್ಷದ ಹಿಂದೆ ನಮ್ಮ ಕೇರಿಗಳವರ ಹಕ್ಕಿನ ಸಂಘ ಅಂಥ ಗುಡಿಗಳಿಗೆಲ್ಲ ಪತ್ರ ಬರೆಯಿತು: ಆ ಕಲ್ಲುಗಳನ್ನು ಕಿತ್ತು ಪುಡಿ ಮಾಡಿ. ಮನುಷ್ಯರ ಹೆಸರು ಕೆತ್ತಿಸಿ. ಏಳನೆಯ ಸಹಿ ನನ್ನದು. ಪಟ್ಟಿಯಲ್ಲಿ ಅಮ್ಮನ ಊರಿನ ಗುಡಿಯೂ ಇತ್ತು. ಗೊತ್ತಿದ್ದೇ ಹಾಕಿದೆ. ಅವಳನ್ನು ಕೇಳಲಿಲ್ಲ. ಊರಿನ ಸುದ್ದಿ ಎತ್ತಿದರೆ ಎದ್ದು ಹೋಗುವವಳನ್ನು ಕೇಳುವುದೇನು?

ಹೋಗಿ ನೋಡಲಿ. ಕಣ್ಣು ತಂಪಾಗಲಿ. ನನಗೂ ಅಜ್ಜಿ ಬೇಕು. ಹೆಸರು ಕೂಡ ಗೊತ್ತಿಲ್ಲದ ಅಜ್ಜಿ.

ಅಕ್ಟೋಬರ್ ೩೦, ೧೧ ಗಂಟೆ, ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕ್

ಕಾರು ಓಡಿಸುತ್ತಿರುವುದು ನನ್ನ ಮಗಳು ಚಿನಾಮಿ. ಮೂರು ಹೆಂಗಸರು, ಬೆಂಕಿಪೊಟ್ಟಣದಂಥ ಕಾರು, ಹನ್ನೆರಡು ಅನ್ನದುಂಡೆ. ಬೆಳಿಗ್ಗೆ ಬಾಗಿಲಲ್ಲೇ ಶುರುವಾಯಿತು —

"ಅಜ್ಜಿ, ನಿಮ್ಮೂರ್ ಹೆಸ್ರೇನು? ದಾರಿ ತೋರ್ಸೋ ಮಷೀನಿಗೆ ಹಾಕ್ಬೇಕು."

"ಗುಡ್ಡದ ಕಡೆ ಹೋಗು."

"ಜಪಾನ್ ತುಂಬಾ ಗುಡ್ಡಾನೇ ಅಜ್ಜಿ! ಯಾವ್ದಕ್ಕೆ ಹೋಗ್ಲಿ?"

"ನೀ ಹೋಗ್ತಿರು, ನಾ ಹೇಳ್ತೀನಿ."

ನನಗೆ ಗೊತ್ತಿತ್ತು. ಅವಳ ಊರು, ಅವಳೇ ಹೇಳಲಿ. ಇನ್ನೂರು ಕಿಲೋಮೀಟರ್ ಹಾಗೇ ಬಂದೆವು. ಈ ಬಂಕಿನಲ್ಲಿ ದಾರಿ ಮೂರಾಗುತ್ತದೆ. ಅಮ್ಮ ಟವೆಲನ್ನು ಬಾಯಿಗೆ ಅಡ್ಡ ಹಿಡಿದು ಮೊಮ್ಮಗಳ ಕಿವಿಯಲ್ಲಿ ಹೇಳಿದಳು. ಚಿನಾಮಿ ಒತ್ತಿದಳು. ಮಷೀನಿನೊಳಗಿನ ಹೆಂಗಸು ಮದುವೆಗೆ ಕರೆಯುವವಳ ಹಾಗೆ ಕೂಗಿದಳು — "ಮಿನೊಝಾವ ಗ್ರಾಮಕ್ಕೆ ದಾರಿ ತೋರಿಸುತ್ತೇನೆ!"

ಕೆನ್ನೆಗೆ ಬಿಟ್ಟ ಹಾಗೆ ಮುದುಡಿದಳು ಅಮ್ಮ. "ಗಾಜು ಏರ್ಸೇ! ಪಕ್ಕದ್ ಕಾರಿನವ್ರಿಗೆ ಕೇಳ್ಸತ್ತೆ!"

ಪಕ್ಕದ ಕಾರಿನಲ್ಲಿ ಒಂದು ನಾಯಿ ಇತ್ತು. ಅಷ್ಟೆ. ಚಿನಾಮಿ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಆ ಹೆಸರನ್ನು ನಾನು ಓದಿದ್ದು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ. ನಮ್ಮಂಥವರ ಕೇರಿಗಳ ಪಟ್ಟಿ ಅಚ್ಚು ಹಾಕಿ ಕದ್ದು ಮಾರುತ್ತಿದ್ದರು. ನನ್ನ ಮದುವೆಗೆ ಮುಂಚೆ ಹುಡುಗನ ಅಪ್ಪ ಅದನ್ನು ಕೊಂಡುಕೊಂಡ. ಹುಡುಗ ಫೋನಿನಲ್ಲಿ ಅತ್ತು ಮದುವೆ ಮುರಿದ. ಅಳಲಿ. ಮಾರನೆಯ ದಿನ ನಾನು ಸಂಘದ ಮೆಟ್ಟಿಲು ಹತ್ತಿದೆ.

ಅದೇ ದಿನ, ಸಂಜೆ, ವಸತಿಮನೆ

ಕಣಿವೆ. ಎಲ್ಲರ ಸೂರಿನಲ್ಲೂ ಸುಲಿದು ಒಣಗಲು ಬಿಟ್ಟ ಪರ್ಸಿಮನ್ ಹಣ್ಣಿನ ಮಾಲೆಗಳು. ಮನೆಯ ಯಜಮಾನಿ ಚಹಾ ಬಗ್ಗಿಸುತ್ತ ಕೇಳಿದಳು: "ಈ ಕಡೆ ನಿಮ್ಮೋರು ಯಾರಾದ್ರೂ ಇದಾರಾ ಅಜ್ಜಿ?"

"ಇಲ್ಲಮ್ಮ. ಕೆಂಪೆಲೆ ನೋಡೋಕ್ ಬಂದ್ವಿ."

ಎಲೆ ಉದುರಿ ವಾರವಾಗಿದೆ. ಯಜಮಾನಿ ಬಟ್ಟಲು ಮುಂದೆ ಸರಿಸಿದಳು.

ಬಿಸಿನೀರಿನ ಕೊಳದ ದಂಡೆಯಲ್ಲಿ ಅಮ್ಮನ ಬೆನ್ನುಜ್ಜಿದೆ. ಬೆನ್ನೆಲ್ಲಿದೆ, ಮೂಳೆಯೇ. ಹಬೆಯಲ್ಲಿ ಮುಖ ಕಾಣದ್ದಕ್ಕೋ ಏನೋ, ತಾನಾಗಿ ಮಾತಾಡಿದಳು.

"ಅವ್ವ ಸತ್ತಾಗ ನಂಗೆ ಒಂಬತ್ತು. ನಮ್ಮೋರ ಕಲ್ಲೆಲ್ಲ ಒಂದೇ ತರ. ಓದಕ್ಕೆ ಬರ್ತಿರ್ಲಿಲ್ಲ. ಅವ್ವ ತೊಗಲು ಚುಚ್ತಿದ್ದ ಆರಿ ಇತ್ತಲ್ಲ, ಅದ್ರಲ್ಲಿ ಕಲ್ಲಿನ ಮಗ್ಗುಲಿಗೆ ಗುಳಿ ತೋಡ್ದೆ. ದಿನಾ ಒಂಚೂರು. ಹೆಬ್ಬೆರಳು ಕೂರೋ ಅಷ್ಟು ಆಯ್ತು. ಆಮೇಲೆ ಹೋಗೋದು, ಬೆರಳಿಟ್ಕೊಂಡು ಕೂರೋದು… ಕೈ ಹಿಡ್ಕೊಂಡಂಗೆ."

ಉಜ್ಜುವ ಕೈ ನಿಂತಿತು.

"ಅಜ್ಜಿ ಹೆಸ್ರೇನಮ್ಮ?"

"ಅಲ್ಲೇ ಕರೀತೀನಿ. ಇಲ್ಲಿ ಬೇಡ. ಉಜ್ಜೇ, ಚಳಿಯಾಗ್ತದೆ."

ಅಕ್ಟೋಬರ್ ೩೧

ಮಂಜು. ಗುಡಿಗೆ ಹೋಗುವ ಮೇಲಿನ ರಸ್ತೆ ಮುಚ್ಚಿದ್ದಾರೆ. ದಿನವಿಡೀ ಅಮ್ಮ ಕಿಟಕಿಗೆ ಕಣ್ಣು ನೆಟ್ಟು ಕೂತಿದ್ದಳು. ಎಡಗೈ ಹೆಬ್ಬೆರಳನ್ನು ಬಲಗೈಯಲ್ಲಿ ತಿಕ್ಕಿಕೊಳ್ಳುತ್ತ.

ಹೇಳಬೇಕು. ಮೂರು ಸಲ ಪಕ್ಕ ಹೋಗಿ ಕೂತೆ. ನಾನು ಸಾವಿರ ಜನರೆದುರು ಮೈಕ್ ಹಿಡಿದವಳು. ಮಂತ್ರಿಯ ಬಾಗಿಲು ಗುದ್ದಿದವಳು.

ಹೇಳಲಿಲ್ಲ.

ನವೆಂಬರ್ ೨, ಮಧ್ಯಾಹ್ನ ೧, ಕಾರಿನೊಳಗೆ

ಫ್ಲಾಸ್ಕ್ ತರುತ್ತೇನೆ ಅಂತ ಓಡಿಬಂದೆ. ಮಂಜು ಕರಗಿ ರಸ್ತೆ ಬಿಟ್ಟಿದ್ದು ಇವತ್ತೇ.

ಗುಡಿಯ ಕೆಳಗಿನ ಇಳಿಜಾರು. ಸಾಲಾಗಿ ಹೊಳೆಯುವ ಕರಿಕಲ್ಲು. ಸುಂದರ ಅಕ್ಷರ. ಎಳೆಯ ಗುರು — ಮೂವತ್ತೂ ದಾಟಿಲ್ಲ — ಸೊಂಟ ಬಗ್ಗಿಸಿ ಕ್ಷಮೆ ಕೇಳಿ, ಅಮ್ಮ ಹೇಳಿದ ಮನೆತನ, ಸತ್ತ ವರ್ಷವನ್ನು ಹಳೆಯ ಪಟ್ಟಿಯಲ್ಲಿ ಹುಡುಕಿ, ಅಜ್ಜಿಯ ಕಲ್ಲು ತೋರಿಸಿದ. ಅಮ್ಮ ಮೊಣಕಾಲೂರಿ ಕಲ್ಲಿನ ಮಗ್ಗುಲು ಸವರಿದಳು. ಮೇಲಿಂದ ಕೆಳಗೆ. ಇನ್ನೊಂದು ಮಗ್ಗುಲು. ಗಾಜಿನ ಹಾಗೆ ನುಣುಪು.

"ಇದ್ಯಾರ್ದು?"

"ಅಜ್ಜೀದೇ ಅಮ್ಮ. ಹೊಸ್ದು. ನಾನೇ… ನಾವೇ ಹಾಕ್ಸಿದ್ದು. ಹಳೇದ್ರಲ್ಲಿ ಮೃಗ ಅಂತ ಕೆತ್ತಿದ್ರು."

"ಗೊತ್ತು."

"ಗೊತ್ತಾ?"

"ಅರವತ್ತಕ್ಕೆ ಅಕ್ಷರ ಕಲ್ಸಿದ್ದು ನಿಮ್ ಸಂಘದೋರೇ ಅಲ್ವೇನೆ? ಕಲ್ಲಿನ್ ಮೇಲಿನ್ ಆ ಗೀಟೆಲ್ಲ ನಂಗೆ ಬಾಯಿಪಾಠ ಇತ್ತು. ಕಲ್ತ್ ದಿನಾನೇ ಓದ್ಕೊಂಡೆ. ಬಚ್ಚಲಲ್ಲಿ ನೀರು ಬಿಟ್ಕೊಂಡು ಅತ್ತೆ." ಕಲ್ಲು ಬಿಟ್ಟು ನನ್ನ ಕಡೆ ತಿರುಗಿದಳು. "ಕೆತ್ತಿದ ಕೈ ಹಾಳಾಗ್ಹೋಗ್ಲಿ. ಕಲ್ಲು ನಿಂಗೇನು ಮಾಡಿತ್ತೇ ಫುಸಾ? ನನ್ ಗುಳಿ ಎಲ್ಲಿ?"

ನಮ್ಮವರನ್ನು ಕೇಳದೆ ನಮ್ಮವರ ಪರ ಸಹಿ ಹಾಕಿದೆ. ಅವರು ಕೇಳದೆ ಕೆತ್ತಿದರು, ನಾನು ಕೇಳದೆ ಒಡೆಸಿದೆ.

ಅಮ್ಮ ಅಲ್ಲೇ ಕೂತಿದ್ದಾಳೆ. ಹೆಸರು ಕರೆಯಲಿಲ್ಲ. "ಇಲ್ಲಿ ಯಾರೂ ಇಲ್ಲ" ಅನ್ನುತ್ತಾಳೆ.

ಅದೇ ದಿನ, ೩ ಗಂಟೆ

ಚಿನಾಮಿ ಗುರುವನ್ನು ಬಿಡಲಿಲ್ಲ. "ಪುಡಿ ಮಾಡಿದ್ದು ಎಲ್ಲಿ ಸುರಿದ್ರಿ? ಒಂದ್ ಚೂರಾದ್ರೂ ಬೇಕು ನಮ್ಮಜ್ಜಿಗೆ." ಅವನು ಬೆವರಿದ. ನನ್ನ ಮುಖ ನೋಡಿದ. ನಾನು ಸಂಘದವಳು ಅಂತ ಅವನಿಗೆ ಗೊತ್ತು.

"ತಪ್ಪಾಯ್ತು. ಪತ್ರದಲ್ಲಿ ಪುಡಿ ಮಾಡಿ ಅಂತ ಇತ್ತು. ಆಗ ಇಲ್ಲಿ ಗುರು ಆಗಿದ್ದ ನಮ್ಮಪ್ಪ ಮಾಡ್ಲಿಲ್ಲ. ಮನಸ್ ಬರ್ಲಿಲ್ಲ ಅಂದ್ರು."

ಸೌದೆಕೊಟ್ಟಿಗೆಯ ಹಿಂದೆ, ಬಿದಿರಿನ ಕೆಳಗೆ. ಮೂವತ್ತೊಂದು ಕಲ್ಲು. ಎಲ್ಲವೂ ಬೋರಲು. ಮುಖ ಮಣ್ಣಿಗೆ, ಬೆನ್ನ ಮೇಲೆ ಪಾಚಿ. ನಿನ್ನೆಯಾಗಿದ್ದರೆ ಕೂಗಾಡುತ್ತಿದ್ದೆ — ಮಾತು ಕೊಟ್ಟು ಮುರಿದಿರಿ, ನಮ್ಮವರನ್ನು ಹಿತ್ತಿಲಲ್ಲಿ ಒಗೆದಿರಿ ಅಂತ. ಹೌದು, ಒಗೆದಿದ್ದಾರೆ. ಮೃಗ ಅಂತ ಬರೆದವನು ಇವನ ಮುತ್ತಜ್ಜ. ಮಗುಚಿದವನು ಇವನಪ್ಪ. ಆದರೂ ಆ ಮುದುಕ ನನ್ನ ಮಾತು ಕೇಳದ್ದಕ್ಕೆ ಕೈ ಮುಗಿಯುವ ಹಾಗಾಯಿತಲ್ಲ!

ಅಮ್ಮ ಅಂಬೆಗಾಲಿಟ್ಟಳು. ಒಂದೊಂದರ ಮಗ್ಗುಲಿಗೂ ಹೆಬ್ಬೆರಳು. ಹತ್ತೊಂಬತ್ತನೆಯದು. ಬೆರಳು ಕೂತಿತು. ಅಲ್ಲಿಂದ ತೆಗೆಯಲಿಲ್ಲ.

"ತಿರುಗ್ಸಿ."

"ಅಮ್ಮ, ಆ ಅಕ್ಷರ…"

"ಮುಖ ಮಣ್ಣಲ್ಲಿಟ್ಕೊಂಡು ಹನ್ನೊಂದ್ ವರ್ಷ ಆಯ್ತಲ್ಲೇ. ಉಸಿರಾಡ್ಬೇಡ್ವಾ? ತಿರುಗ್ಸು."

ನಾನು, ಚಿನಾಮಿ, ಆ ಗುರು. ಮೂವರೂ ಎತ್ತಿದೆವು. ಎರೆಹುಳು, ಮಣ್ಣು. ಅಕ್ಷರ ಮೇಲೆ ಬಂತು. ಗುರು ಕಣ್ಣು ಕೆಳಗೆ ಹಾಕಿದ. "ನೋಡಪ್ಪ, ನೋಡು. ಓದ್ಕೋ" ಅಂದಳು ಅಮ್ಮ. ಬೈಗುಳವಲ್ಲ, ಹೇಳಿದಳು ಅಷ್ಟೆ. ಫ್ಲಾಸ್ಕಿನ ನೀರು ಹೊಯ್ದು ಟವೆಲಿನಿಂದ ಒರೆಸಿದಳು, ಮಗುವಿನ ಮುಖ ಒರೆಸಿದ ಹಾಗೆ. ಆಮೇಲೆ ಕಣಿವೆಗೆಲ್ಲ ಕೇಳುವ ಹಾಗೆ ಕರೆದಳು:

"ಯಸು ಅವ್ವಾ! ಮಿನೊಝಾವದ ಯಸು ಅವ್ವಾ! ನಾನು ನಿನ್ ಮಗಳು ಸುಗೆ ಬಂದೆ ಕಣೇ!"

ಗಾಜು ಏರಿಸು ಅನ್ನಲಿಲ್ಲ.

ಈಗ ಕಲ್ಲಿಗೊರಗಿ ಕೂತಿದ್ದಾಳೆ. ಬೆರಳು ಗುಳಿಯಲ್ಲಿದೆ. "ನೀನೂ ಮಾತಾಡ್ಸೇ" ಅಂದಳು. ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಯಸು ಅಜ್ಜಿ, ನಾನು ಫುಸಾ. ಸುಗೆಯ ಮಗಳು. ನಿನ್ನನ್ನು ಪುಡಿ ಮಾಡಿ ಅಂತ ಬರೆದ ಪತ್ರದಲ್ಲಿ ಏಳನೆಯ ಸಹಿ ನನ್ನದು.