ಬಟ್ಟೆ ಹಿಡಿದು ಬಂದ ಅಣ್ಣ

ಭಾನುವಾರ, ಜೂನ್ ೭

ಇವತ್ತೂ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಅದೇ ಡಬ್ಬಿ. ಒಳಗೆ ಕಂದು ನೀರು, ನೀರೊಳಗೆ ಬಟ್ಟೆ. ನಿದ್ದೆಗಣ್ಣಿನಲ್ಲಿ ನಿನ್ನೆ ಮಿಕ್ಕಿದ ಅಡುಗೆ ಅಂದುಕೊಂಡು ಒಲೆಗೆ ಇಡಲು ಹೊರಟಿದ್ದೆ. ಹಿಂದಿನಿಂದ ಅಣ್ಣ ಕೂಗಿದ, ಮಗು ಬಾವಿಗೆ ಬೀಳುವುದನ್ನು ಕಂಡವರ ಹಾಗೆ.

"ಅದನ್ನ ಮುಟ್ಬೇಡ ಕಣೆ. ಅದು ಇನ್ನೂ ಪಳಗ್ತಾ ಇದೆ."

ಪಳಗುತ್ತದಂತೆ. ಈ ಮನೆಯಲ್ಲಿ ಇಷ್ಟು ವರ್ಷವಾದರೂ ಗಂಡ ಪಳಗಿಲ್ಲ, ಬಟ್ಟೆ ಪಳಗಲು ಹೊರಟಿದೆ.

ಎರಡು ದಿನ ಇದ್ದು ಹೋಗುತ್ತೇನೆ ಎಂದು ಬಂದವನು. ಮೇ ತಿಂಗಳೇ ಮುಗಿದುಹೋಯಿತು. ಬರುವಾಗ ಬ್ಯಾಗಿನಲ್ಲಿ ಎರಡು ಅಂಗಿ, ಪುಟ್ಟ ತಕ್ಕಡಿ, ಕೊಕ್ಕರೆ ಕೊಕ್ಕಿನ ಕೆಟಲ್, ಬಿಳಿ ಫ್ಲ್ಯಾನಲ್ ಬಟ್ಟೆಯ ಒಂದು ಸುರುಳಿ. ಹಲ್ಲುಜ್ಜುವ ಬ್ರಷ್ ಮರೆತಿದ್ದ. ಈಗ ಅತ್ತಿಗೆಯನ್ನೂ ಮರೆತವನ ಹಾಗೆ ಕೂತಿದ್ದಾನೆ.

ಕಾರಣ? ಅತ್ತಿಗೆ ಅವನ ಕಾಫಿ ಸೋಸುವ ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕಿದರಂತೆ. ಅಷ್ಟೇ. ಸಂಶಯಕ್ಕೆ, ಸನ್ಯಾಸಕ್ಕೆ ಮನೆ ಬಿಟ್ಟವರನ್ನು ಕೇಳಿಬಲ್ಲೆ. ಅಂಗೈಯಗಲದ ಬಟ್ಟೆಗಾಗಿ ಮನೆ ಬಿಟ್ಟ ಗಂಡಸು ನಮ್ಮ ವಂಶದಲ್ಲಿ ಇವನೇ ಮೊದಲು. ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ. ಕಾಲೇಜಿನಲ್ಲಿ ಕಲಿತದ್ದು ಕೊನೆಗೂ ಉಪಯೋಗಕ್ಕೆ ಬಂತು — ಅಣ್ಣ ಬಟ್ಟೆಯ ಬೆನ್ನು ಹತ್ತಿ ಬಟ್ಟೆ ತಪ್ಪಿದ್ದಾನೆ.

"ಅತ್ತಿಗೆಗೆ ಫೋನ್ ಮಾಡಿದ್ಯಾ?"

"ಅವಳೇ ಮಾಡ್ಲಿ."

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು ಬೇರೆ. ಅಂಗಡಿ ಅಂಗಡಿ ಸುತ್ತಿ ಊರಿನವರ ತಕ್ಕಡಿ ಸರಿಮಾಡುತ್ತಾನೆ. ತನ್ನ ತೂಕ ತಪ್ಪಿದ್ದು ಮಾತ್ರ ಗೊತ್ತಾಗುವುದಿಲ್ಲ.

ಸೋಮವಾರ, ಜೂನ್ ೮ — ಆಫೀಸಿನಲ್ಲಿ

ಮತ್ತೆ ತಡ. ಮೇಡಂ ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ. ಪಠ್ಯಪುಸ್ತಕಗಳ ಕರಡು ತಿದ್ದುವವಳು ನಾನು. "ಮನೆಯಲ್ಲಿ ಕಾಫಿ ಸೋಸುತ್ತಿದ್ದರು" ಎಂಬ ಕಾರಣ ಕೊಟ್ಟರೆ ಅದನ್ನೇ ಕೆಂಪು ಮಸಿಯಲ್ಲಿ ಹೊಡೆದುಹಾಕುತ್ತಾರೆ.

ಆದರೆ ನಿಜ. ಇಡೀ ಅಡುಗೆಮನೆ ಅವನ ವಶ. ಹೊಸ ಬಟ್ಟೆಯಾದರೆ ಮೊದಲು ಹಳೆಯ ಕಾಫಿ ಗಸಿ ಹಾಕಿ ಕುದಿಸಬೇಕು, ಗಿರಣಿಯ ಗಂಜಿ ಬಿಡಲಿ ಎಂದು. ಹಿಂಡಿ, ತಂತಿಯ ಬಳೆಗೆ ಸಿಕ್ಕಿಸಬೇಕು. ಪುಡಿ ತೂಗಬೇಕು. ನೀರು ಕುದಿಯಬೇಕು, ಆದರೆ ಕುದಿಯುತ್ತಿರುವಾಗ ಹಾಕಬಾರದು. (ಹಾಗಾದರೆ ಕುದಿಸಿದ್ದು ಯಾಕೆ? ಕೇಳಬಾರದು.) ಮೊದಲು ಒಂದಿಷ್ಟು ಚಿಮುಕಿಸಿ, ಪುಡಿ ಉಬ್ಬುವವರೆಗೆ ಕಾಯಬೇಕು. ಆಮೇಲೆ ಕೆಟಲಿನ ಕೊಕ್ಕಿನಿಂದ ನೂಲಿನಂಥ ಧಾರೆ, ಸುತ್ತಿ ಸುತ್ತಿ. ಕೈ ನಡುಗಬಾರದು, ನಡುವೆ ಬಿಟ್ಟು ಹೋಗಬಾರದು. ಮುಗಿದ ಮೇಲೆ ಬಟ್ಟೆಗೆ ಸೋಪು ಸೋಕಬಾರದು. ಒಣಗಬಾರದು, ಒಣಗಿದರೆ ಕಮಟು. ಬರೀ ನೀರಲ್ಲಿ ಜಾಲಿಸಿ, ನೀರಲ್ಲೇ ಮುಳುಗಿಸಿ, ಫ್ರಿಜ್ಜಿಗೆ. ಕಾಗದದ ಫಿಲ್ಟರ್ ಆದರೆ ಎಣ್ಣೆಯಂಶ ಹೀರಿಬಿಡುತ್ತದಂತೆ, ಲೋಹದ್ದಾದರೆ ಗಸಿ ಬಿಡುತ್ತದಂತೆ. ಬಟ್ಟೆ ಮಾತ್ರ ಬೇಕಾದ್ದನ್ನು ಬಿಟ್ಟು ಬೇಡದ್ದನ್ನು ಹಿಡಿಯುತ್ತದಂತೆ. ಥೇಟ್ ಇವನ ಉಲ್ಟಾ.

ಕಷಾಯ ಇಳಿಸೀ ಇಳಿಸೀ ಆ ಬಟ್ಟೆ ಕಾಷಾಯವಾಗಿದೆ. ಅದನ್ನುಟ್ಟು ಕಾಡಿಗಾದರೂ ಹೋಗಬಹುದಿತ್ತು. ಅಂಗೈಯಗಲದ್ದು, ಆಗುವುದಿಲ್ಲ.

ಇದರ ಮೇಲೆ ಇವರು. ನನ್ನ ಯಜಮಾನರು. ಗ್ಯಾಸ್ ಲೈಟರ್ ಎಲ್ಲಿದೆ ಎಂದು ಇವತ್ತಿಗೂ ನನ್ನನ್ನು ಕೇಳುವವರು, ಬೆಳಿಗ್ಗೆ ಅಣ್ಣನ ಪಕ್ಕ ಕೈಕಟ್ಟಿ ನಿಂತಿರುತ್ತಾರೆ.

"ಭಾವ, ಇವತ್ತು ಉಬ್ಬು ಚೆನ್ನಾಗಿ ಬಂತು ಅಲ್ವಾ?"

"ಹೂಂ. ನಿನ್ನೆಗಿಂತ ಪರವಾಗಿಲ್ಲ."

ಗುರು ಒಬ್ಬ, ಶಿಷ್ಯ ಒಬ್ಬ, ಪಾತ್ರೆ ತೊಳೆಯುವ ಭಕ್ತೆ ನಾನೊಬ್ಬಳು.

ಬುಧವಾರ, ಜೂನ್ ೧೦

ಅತ್ತಿಗೆಗೆ ನಾನೇ ಫೋನ್ ಮಾಡಿದೆ. ಆಸ್ಪತ್ರೆಯ ಲಿನನ್ ವಿಭಾಗ ನೋಡಿಕೊಳ್ಳುತ್ತಾರೆ — ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರುಗಳ ಕೋಟು, ಎಲ್ಲ ಅವರ ಕೈ ದಾಟಿಯೇ ಹೋಗಬೇಕು. ಕಲೆ ಎಂದರೆ ಅವರಿಗೆ ವೈರಿ. ಅಂಥವರ ಫ್ರಿಜ್ಜಿನಲ್ಲಿ ಕಂದು ಬಟ್ಟೆ ನೆನೆಹಾಕಿದವನದೇ ತಪ್ಪು, ನನ್ನ ಕೇಳಿದರೆ.

"ಅತ್ತಿಗೆ, ಒಂದು ಮಾತು ಕರೆದುಬಿಡಿ. ಬಂದುಬಿಡ್ತಾನೆ."

"ನಾನು ಕಳಿಸಿದ್ನಾ? ಅವರಾಗೇ ಹೋದ್ರು. ಅವರಾಗೇ ಬರ್ಲಿ."

ಆಮೇಲೆ, ಗಾಳಿ ಮಳೆಯ ಸುದ್ದಿ ಹೇಳುವ ಹಾಗೆ: "ಇಲ್ಲಿ ಹೊಸ ಕಟ್ಟಡ ಆಯ್ತಲ್ಲ, ಸ್ಟಾಫ್‌ಗೆ ಕೋಣೆ ಕೊಡ್ತಿದಾರೆ. ಒಬ್ಬರಿಗೆ ಒಂದು. ಇಪ್ಪತ್ತನೇ ತಾರೀಕು ಶನಿವಾರದೊಳಗೆ ಬೇಕು, ಬೇಡ ಹೇಳ್ಬೇಕು. ತಗೊಂಡುಬಿಡೋಣ ಅಂತಿದೀನಿ. ಖಾಲಿ ಮನೆಯಲ್ಲಿ ಒಬ್ಬಳೇ ಏನು ಮಾಡ್ಲಿ?"

ಫೋನಿಟ್ಟವಳೇ ಅಡುಗೆಮನೆಗೆ ನಡೆದೆ. ಅಣ್ಣನಿಗೆ ಹೇಳಿದೆ. ಅವನು ತಕ್ಕಡಿಯ ಮುಳ್ಳು ನೋಡುತ್ತಲೇ ಇದ್ದ.

"ತಗೊಳ್ಳಲಿ. ಆಸ್ಪತ್ರೆಗೆ ಹತ್ತಿರ ಆಗತ್ತೆ."

ಪುಣ್ಯಾತ್ಮ. ಕಾಫಿ ಮಾತ್ರ ಎಂದಿನಂತೆ ಇಳಿಸಿದ. ನಾವು ಮೂರು ಜನ, ಲೋಟ ನಾಲ್ಕು. ದಿನಾ ಹೀಗೇ. ನಾಲ್ಕನೆಯದು ಮೇಜಿನ ಮೇಲೆ ಆರಿ ಕೆನೆಗಟ್ಟುತ್ತದೆ. ದಿನಾ ಅದನ್ನು ಸಿಂಕಿಗೆ ಚೆಲ್ಲುವವಳು ನಾನು. ಲೆಕ್ಕ ಬಾರದ ಇನ್‌ಸ್ಪೆಕ್ಟರ್ ಎಂದುಕೊಂಡಿದ್ದೆ.

ಶನಿವಾರ, ಜೂನ್ ೧೩ — ಮಧ್ಯಾಹ್ನ

ಆಗಬಾರದ್ದು ಆಯಿತು.

ಶಿಷ್ಯೋತ್ತಮರು ಬಟ್ಟೆಯನ್ನು "ಸ್ವಲ್ಪ ಗಾಳಿಗೆ" ಎಂದು ಸ್ನಾನದಮನೆಯ ಬಕೆಟ್ಟಿನ ಅಂಚಿಗೆ ನೇತುಹಾಕಿದ್ದಾರೆ. ಬಕೆಟ್ಟಿನಲ್ಲಿದ್ದದ್ದು ಮೆಷಿನ್ನಿಗೆ ಹೋಗಬೇಕಾದ ಬಟ್ಟೆ. ನಾನು ಬಾಚಿ ತುಂಬಿದೆ. ಸೋಪಿನ ಪುಡಿ ಹಾಕಿದೆ. ಸಾಲದ್ದಕ್ಕೆ ಮಲ್ಲಿಗೆ ವಾಸನೆಯ ಕಂಫರ್ಟೂ ಸುರಿದೆ. ಹೊರಗೆ ಬಂದಾಗ ಅಣ್ಣನ ಬಟ್ಟೆ ಇವರ ಕಾಲುಚೀಲದೊಳಗೆ ಸುತ್ತಿಕೊಂಡಿತ್ತು. ಎರಡರ ಬಣ್ಣವೂ ಒಂದೇ ಆಗಿತ್ತು.

ಇವರು ಮುಖ ಬಿಳಿಚಿ ನಿಂತರು. "ನಾನು ಹೇಳಲ್ಲ. ನೀನೇ ಹೇಳು."

ಬಟ್ಟೆ ಕಸಕ್ಕೆ ಹಾಕಿದ್ದಕ್ಕೆ ಹೆಂಡತಿಯನ್ನೇ ಬಿಟ್ಟವನು. ಮಲ್ಲಿಗೆ ಮುಡಿಸಿದ್ದಕ್ಕೆ ತಂಗಿಯನ್ನು ಏನು ಮಾಡಿಯಾನು? ಹೋಟೆಲಿಗೆ ಹೋದರೆ ಒಳ್ಳೆಯದೇ, ಎಂದು ಧೈರ್ಯ ಮಾಡಿ ಅವನ ಮುಂದೆ ಹಿಡಿದೆ.

ಮೂಸಿ ನೋಡಿದ. ನಕ್ಕ.

"ಹೋಗ್ಲಿ ಬಿಡು. ಇನ್ನೊಂದು ಹೊಲಿದ್ರಾಯ್ತು. ಬಟ್ಟೆ ತಾನೆ."

ಬಟ್ಟೆ ತಾನೆ.

ನನಗೆ ಸಿಟ್ಟು ನೆತ್ತಿಗೇರಿತು. ಬೈದಿದ್ದರೆ ಇಷ್ಟು ಏರುತ್ತಿರಲಿಲ್ಲ. "ಬಟ್ಟೆ ತಾನೆ ಅಂತ ಅವತ್ತು ಅತ್ತಿಗೆಗೆ ಯಾಕೆ ಅನ್ಲಿಲ್ಲ?" ಎಂದು ಕೇಳಿದೆ. ಅವನು ಸೂಜಿಗೆ ದಾರ ಪೋಣಿಸುವವನಂತೆ ತಲೆ ತಗ್ಗಿಸಿದ. ಸೂಜಿ ಕೈಯಲ್ಲಿರಲೇ ಇಲ್ಲ.

ಅಂದರೆ ವಿಷಯ ಬಟ್ಟೆಯದಲ್ಲ. ಇಷ್ಟು ದಿನ ನನಗೆ ಗಸಿ ಕುಡಿಸಿದ್ದಾನೆ, ಡಿಕಾಕ್ಷನ್ ತಾನೊಬ್ಬನೇ ಇಟ್ಟುಕೊಂಡು.

ಭಾನುವಾರ, ಜೂನ್ ೧೪ — ಸಂಜೆ

ಅತ್ತಿಗೆಯ ಆಸ್ಪತ್ರೆಗೆ ಹೋಗಿಬಂದೆ. ನೆಲಮಾಳಿಗೆ. ಇಸ್ತ್ರಿಯ ಬಿಸಿಗಾಳಿ, ಎರಡೂ ಕಡೆ ಚಾವಣಿ ಮುಟ್ಟುವ ಬಿಳಿ ಬಟ್ಟೆಯ ಅಟ್ಟಿ. ನಡುವೆ ಅತ್ತಿಗೆ, ಇಳಿದುಹೋಗಿದ್ದಾರೆ. ನನ್ನ ಕೈಗೂ ಹಾಸಿಗೆ ಬಟ್ಟೆಯ ಎರಡು ತುದಿ ಕೊಟ್ಟರು. ಮಡಚುತ್ತಾ ಮಾತು.

"ಬಟ್ಟೆ ಯಾಕೆ ಎಸೆದ್ರಿ ಅತ್ತಿಗೆ? ನಿಜ ಹೇಳಿ."

"ಹಾಗಾದ್ರೆ ಅವರು ಹೇಳಿಲ್ಲ ನಿಂಗೆ." ತುದಿಗೆ ತುದಿ ಸೇರಿಸಿದರು. "ನಂಗೆ ಕಾಫಿ ಸೇರಲ್ಲ ಕಣೆ."

"ಯಾವಾಗಿಂದ?"

"ಹುಟ್ಟಿದಾಗಿಂದ."

ಬಟ್ಟೆ ನನ್ನ ಕೈಯಿಂದ ಜಾರಿತು. "ನೆಲಕ್ಕೆ ತಾಗಿಸ್ಬೇಡ" ಎಂದು ಗದರಿದರು. ಆಮೇಲೆ ಹೇಳುತ್ತಾ ಹೋದರು. ಮದುವೆಯಾದ ಹೊಸದರಲ್ಲಿ ಅಣ್ಣ ಕೆಟಲ್ ಹಿಡಿದು ಅಷ್ಟು ಸಂಭ್ರಮದಿಂದ ನಿಂತಿದ್ದನಂತೆ, ಬೇಡ ಎನ್ನಲು ಬಾಯಿ ಬರಲಿಲ್ಲ. ಒಂದು ದಿನ ಕುಡಿದರು. ಮಾರನೆಯ ದಿನ ಹೇಳೋಣ ಎಂದುಕೊಂಡರು. ಆ ಮಾರನೆಯ ದಿನ ಬರಲು ಇಷ್ಟು ವರ್ಷ ಹಿಡಿಯಿತು.

"ಹೋದ ತಿಂಗಳು ಹೊಟ್ಟೆ ಉರಿ ಅಂತ ತೋರಿಸಿದ್ರೆ, ಕಾಫಿ ಬಿಡಿ ಅಂದ್ರು ಡಾಕ್ಟರು. ಮನೆಗೆ ಬಂದು ಹೇಳ್ದೆ. ಹೇಳುವಾಗ ಮುಖದಲ್ಲಿ ಖುಷಿ ಕಂಡಿರ್ಬೇಕು. ನಿಮ್ಮಣ್ಣ ನನ್ನ ನೋಡ್ತಾನೇ ಇದ್ರು. ‘ನಿಂಗೆ ಯಾವತ್ತೂ ಇಷ್ಟ ಇರ್ಲಿಲ್ವಾ?’ ಅಂದ್ರು. ಸುಳ್ಳು ಹೇಳೋ ಶಕ್ತಿ ಇರ್ಲಿಲ್ಲ. ಇಲ್ಲ ಅಂದೆ."

"ಅಷ್ಟಕ್ಕೇ ಹೊರಟುಬಂದನಾ?"

"ಎಲ್ಲಿ? ಮಾರನೇ ದಿನಾನೂ ಎರಡು ಲೋಟ ಇಳಿಸಿದ್ರು. ನಂದನ್ನ ನನ್ನ ಮುಂದಿಟ್ಟು, ಅದು ಆರೋದನ್ನ ನೋಡ್ತಾ ಕೂತ್ರು. ಅದರ ಮಾರನೇ ದಿನಾನೂ ಅಷ್ಟೇ. ಆ ಲೋಟ ನೋಡಿ ನೋಡಿ ತಲೆ ಕೆಟ್ಟುಹೋಯ್ತು. ಬಟ್ಟೆ ತೆಗೆದು ಬಿಸಾಕಿದೆ."

ನನಗೆ ನಗುವೋ ಅಳುವೋ ತಿಳಿಯದೆ ಕೇಳಿದೆ: "ಸೇರದಿದ್ರೆ ಇಷ್ಟು ವರ್ಷ ಯಾಕೆ ಕುಡಿದ್ರಿ?"

ಅತ್ತಿಗೆ ದಿಂಬಿನ ಚೀಲವೊಂದನ್ನು ಕೈಯಲ್ಲೇ ಉಜ್ಜಿ ಉಜ್ಜಿ ಸಾಪು ಮಾಡಿದರು.

"ಅವರು ಧಾರೆ ಬಿಡ್ತಾ ನಿಂತಿರ್ತಾರಲ್ಲ, ಆಗ ಎಲ್ಲೂ ಹೋಗೋ ಹಾಗಿಲ್ಲ. ಬಿಟ್ಟುಹೋದ್ರೆ ಕೆಟ್ಟುಹೋಗತ್ತೆ. ನಾನು ಏನು ಹೇಳಿದ್ರೂ ನಿಂತು ಕೇಳ್ಬೇಕು. ಬೇರೆ ಹೊತ್ತಲ್ಲಿ ಸಿಗ್ತಾರಾ ಆ ಮನುಷ್ಯ? ಪೇಪರ್ರು, ಫೋನು, ಇನ್‌ಸ್ಪೆಕ್ಷನ್ನು. ದಿನಕ್ಕೆ ಅದೊಂದು ಹೊತ್ತು ನಂದು. ಅದಕ್ಕೊಂದು ಲೋಟ ಕಹಿ ಕುಡಿದ್ರೆ ಏನಾಯ್ತು ಅಂತ."

ಕೋಣೆಯ ವಿಷಯ ಕೇಳಿದೆ. ಶನಿವಾರ ಬೆಳಿಗ್ಗೆ ಹೇಳಿಬಿಡುತ್ತಾರಂತೆ. ಇದನ್ನೆಲ್ಲ ಅಣ್ಣನಿಗೆ ಹೇಳಲೇ ಎಂದೆ. ಬೇಡ ಎನ್ನಲಿಲ್ಲ. ಇನ್ನೊಂದು ಹಾಸಿಗೆ ಬಟ್ಟೆಯ ತುದಿ ಕೊಟ್ಟರು.

ಸೋಮವಾರ, ಜೂನ್ ೧೫ — ಬೆಳಿಗ್ಗೆ

ಅವನು ಧಾರೆ ಬಿಡುವವರೆಗೆ ಕಾದು ಹೇಳಿದೆ. ಅತ್ತಿಗೆಯ ಉಪಾಯ ಸರಿಯಾಗಿದೆ: ಕೆಟಲ್ ಕೈಯಲ್ಲಿರುವ ಗಂಡಸು ಓಡಿಹೋಗಲಾರ. ಪೂರ್ತಿ ಕೇಳಿದ. ಧಾರೆ ಒಮ್ಮೆಯೂ ಕಡಿಯಲಿಲ್ಲ, ಆದರೆ ಒಂದೇ ಕಡೆ ಬಿದ್ದು ಪುಡಿಯಲ್ಲಿ ಗುಂಡಿಯಾಯಿತು. ಶಿಷ್ಯರು ಬಾಯಿ ತೆರೆದರು. ನಾನು ಕಣ್ಣುಬಿಟ್ಟೆ. ಮುಚ್ಚಿದರು.

"ಅವಳು ಸುಳ್ಳು ಹೇಳಿದ್ಲು ಅಂತ ನಂಗೆ ಬೇಜಾರಲ್ಲ ಕಣೆ," ಅಂದ ಕೊನೆಗೆ. "ಎದುರಿಗೇ ಕೂತಿದ್ಲು. ದಿನಾ. ನಂಗೆ ಗೊತ್ತಾಗ್ಲಿಲ್ಲ. ಅದಕ್ಕೆ ನಾಚಿಕೆ ಆಗಿ ಬಂದೆ."

"ನಾಚಿಕೆ ಆದ್ರೆ ಅವರ ಹತ್ರ ಹೋಗ್ಬೇಕು. ನನ್ನ ಹತ್ರ ಯಾಕೆ ಬಂದೆ?"

ಕೆಟಲ್ ಕೆಳಗಿಟ್ಟ. ಆಮೇಲೆ, ಮಗುವಿನ ಹಾಗೆ: "ಹಾಗಾದ್ರೆ ಅವಳಿಗೆ ಬೆಳಿಗ್ಗೆ ಏನು ಇಷ್ಟ?"

"ನನ್ನ ಕೇಳ್ತೀಯಾ? ಫೋನ್ ಇಲ್ವಾ?"

"ಕೇಳಿದ್ರೆ, ಇದೂ ಗೊತ್ತಿಲ್ವಾ ಅಂತಾಳೆ."

ದೇವರೇ. ಗೊತ್ತಿಲ್ಲವಲ್ಲ ಮಾರಾಯ.

ಗುರುವಾರ, ಜೂನ್ ೧೮

ಫೋನ್ ಮಾಡಿಲ್ಲ. ಬದಲಿಗೆ ಸಂಶೋಧನೆ ನಡೆದಿದೆ. ಮೇಜಿನ ಮೇಲೆ ಮೂರು ತರದ ಟೀ ಪುಡಿ, ಒಂದು ಮಾಲ್ಟ್ ಡಬ್ಬಿ, ನಿಂಬೆಹಣ್ಣು, ಶುಂಠಿ. ನಿನ್ನೆ ಟೀಯನ್ನೂ ಫ್ಲ್ಯಾನಲ್ಲಿನಲ್ಲೇ ಸೋಸಿದ. ಕಾಫಿಯ ಕಮಟು ಹೊಡೆಯಿತು. ಹೊಸ ಬಟ್ಟೆ ಹೊಲಿದ. ಟೀಗೆ ಬೇರೆ, ಮಾಲ್ಟಿಗೆ ಬೇರೆ. ಫ್ರಿಜ್ಜಿನಲ್ಲಿ ಈಗ ಡಬ್ಬಿಗಳ ಸಂಸಾರ. ಹಾಲು ಹೊರಗೆ, ಒಡೆದಿದೆ.

"ನಿಮ್ಮತ್ತಿಗೆ ಶುಂಠಿ ಹಾಕಿದ್ದು ಕುಡಿಯೋದನ್ನ ನೋಡಿದೀಯಾ?"

"ಅಣ್ಣ, ನಾಡಿದ್ದು ಶನಿವಾರ."

"ಅದಕ್ಕೇ ಕೇಳ್ತಿರೋದು."

ಇವರು ಹೇಳುತ್ತಾರೆ: "ಭಾವನಿಗೆ ಟೈಮ್ ಕೊಡು. ಇಳಿಯೋದು ನಿಧಾನ, ಇಳಿದ್ರೆ ಸ್ಟ್ರಾಂಗ್." ಈ ಮನೆಯಲ್ಲಿ ಇನ್ನು ಮೇಲೆ ಕಾಫಿಯ ಉಪಮೆ ಕೊಟ್ಟವರಿಗೆ ಊಟವಿಲ್ಲ ಎಂದೆ. ಆ ಶಾಸನ ನನಗೂ ಅನ್ವಯಿಸುತ್ತದೆಂದು ಆಮೇಲೆ ಹೊಳೆಯಿತು. ಮನಸ್ಸಿಗೆ ಪೂರಾ ಗಸಿ ಹಿಡಿದಿದೆ.

ಶನಿವಾರ, ಜೂನ್ ೨೦ — ಬೆಳಿಗ್ಗೆ, ಮೆಟ್ಟಿಲ ಮೇಲೆ ಕೂತು

ಬೆಳಗಾಗುತ್ತಲೇ ಅವನ ಮುಂದೆ ನಿಂತೆ. ಆಸ್ಪತ್ರೆಯ ಆಫೀಸು ತೆರೆಯುವುದರೊಳಗೆ ಅತ್ತಿಗೆಗೆ ಫೋನ್ ಮಾಡು, ಇಲ್ಲವಾದರೆ ಆ ಫ್ಲ್ಯಾನಲ್ ಸುರುಳಿಯಿಂದ ನನಗೊಂದು ರವಿಕೆ ಹೊಲಿಸಿಕೊಳ್ಳುತ್ತೇನೆ ಎಂದೆ. ನನ್ನ ಫೋನ್ ಕೇಳಿದ. ತನ್ನದರಿಂದ ಮಾಡಿದರೆ ಅವಳು ಎತ್ತುತ್ತಾಳೋ ಇಲ್ಲವೋ ಎಂದು ಭಯ. ಕೊಟ್ಟೆ. ಸ್ಪೀಕರ್ ಹಾಕಿಕೊಂಡ, ಹಾಕಿಕೊಂಡದ್ದು ಅವನಿಗೆ ಗೊತ್ತಿಲ್ಲ.

"ಹೇಳೇ," ಅಂದರು ಅತ್ತಿಗೆ, ನಾನೆಂದುಕೊಂಡು.

"ನಾನು."

ಆ ಕಡೆ ಇಸ್ತ್ರಿ ಯಂತ್ರದ ಬುಸ್ ಮಾತ್ರ.

"ಕೋಣೆಗೆ ಹೇಳಿಬಿಟ್ಯಾ?"

"ಇನ್ನೂ ಆಫೀಸ್ ತೆಗೆದಿಲ್ಲ."

"ಒಂದು ಕೇಳ್ಬೇಕಿತ್ತು. ಕೇಳಬಾರದ್ದು. ಇಷ್ಟು ಹೊತ್ತಿಗೆ ಗೊತ್ತಿರ್ಬೇಕಿತ್ತು." ಟೀ ಪುಡಿಯ ಡಬ್ಬಿಯೊಂದನ್ನು ಪಕ್ಕಕ್ಕೆ ಸರಿಸಿದ. "ಬೆಳಿಗ್ಗೆ ನಿಂಗೆ ಏನು ಕುಡಿಯೋಕೆ ಇಷ್ಟ?"

ಆ ಕಡೆ ಯಂತ್ರ ಆರಿಸಿದ ಸದ್ದು.

"ಬಿಸಿನೀರು."

"ಬರೀ ಬಿಸಿನೀರಾ?"

"ಬರೀ."

ಮೂರು ತರದ ಟೀ ಪುಡಿಯ ಮುಂದೆ ನಿಂತಿದ್ದ ನನ್ನಣ್ಣನ ಮುಖ ನೋಡಬೇಕಿತ್ತು. ಇಷ್ಟು ವಿದ್ಯೆ, ಇಷ್ಟು ಕೊಕ್ಕು, ಇಷ್ಟು ಬಟ್ಟೆ, ಎಲ್ಲ ಯಾತಕ್ಕೆ? ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಇನ್‌ಸ್ಪೆಕ್ಟರ್ ಅಲ್ಲವೇ.

"ಎಷ್ಟು ಬಿಸಿ ಇರ್ಬೇಕು?"

"ಬಿಸಿ ಎಷ್ಟಾದ್ರೂ ಇರ್ಲಿ," ಅಂದರು ಅತ್ತಿಗೆ. "ಬೇಗ ಕಾಯಬಾರದು. ಅಷ್ಟೇ."

ಅಣ್ಣ ಸ್ಪೀಕರ್ ಆರಿಸಿ ಕಿವಿಗೆ ಹಿಡಿದ. ನಾನು ಡೈರಿ ಎತ್ತಿಕೊಂಡು ಹೊರಗೆ ಬಂದೆ. ಇವರನ್ನೂ ತೋಳು ಹಿಡಿದು ಎಳೆದು ತಂದೆ. ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದಾನೆ. ಒಲೆ ಹಚ್ಚಿಲ್ಲ, ಕೈಯಲ್ಲಿ ಕೆಟಲಿಲ್ಲ. ಆದರೂ ನಿಂತೇ ಇದ್ದಾನೆ, ಅಲ್ಲಾಡದೆ. ಅವನ ಕಡೆಯಿಂದ ಬರೀ ಹೂಂ. ಆಮೇಲೆ ಇನ್ನೊಂದು ಹೂಂ. ಅತ್ತಿಗೆ ಎಷ್ಟು ದಿನದ್ದನ್ನು ಹೇಳುತ್ತಿದ್ದಾರೋ. ನನ್ನ ಬಸ್ಸು ಹೋಯಿತು. ಮೇಡಂ ಇವತ್ತು ಗಡಿಯಾರವನ್ನೂ ನೋಡುವುದಿಲ್ಲ. ತಡವಾಗುತ್ತದೆ ಎಂದು ತಿಳಿಸೋಣವೆಂದರೆ ಫೋನು ಅವನ ಕೈಯಲ್ಲಿ. ಹೋಗಿ ಕೇಳಬೇಕು. ಕೇಳಿದರೆ ಎಲ್ಲಿ ಅವನು ನಡುವೆ ಬಿಟ್ಟು ಬಂದುಬಿಡುತ್ತಾನೋ—